ತಾಂಜಾನಿಯಾದ ಹುಡುಗಿಗೊಂದು ಖಾತೆ

ಹರಿಹರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವ ಟೇಬಲ್ಲಿನಲ್ಲಿ ಕೂರುವುದು ನನ್ನ ಕೆಲಸ. ಆ ಟೇಬಲ್ಲಿನ ಮುಂದೆ ತಮಾಷೆ ನಡೆಯದ ವಾರವಿಲ್ಲ. ನಗುವುದಕ್ಕೆ ಮಾತ್ರ ಸಂಜೆ ವಾಪಸ್ ಬಸ್ ಹತ್ತುವ ತನಕ ಪುರುಸೊತ್ತು ಸಿಗುವುದಿಲ್ಲ. ಪರದೇಶದಲ್ಲಿ ಖಾತೆ ತೆರೆಯುವುದು ಎಷ್ಟು ಕಷ್ಟ ಎಂಬುದನ್ನು ನಾನು ದೇಶ ಬಿಡದೆಯೇ ಕಲಿತೆ. ಕಲಿಸಿದವಳು ಫಾರ್ಮಸಿ ಓದಲು ತಾಂಜಾನಿಯಾದಿಂದ ಬಂದಿದ್ದ ಒಬ್ಬ ಹುಡುಗಿ. ಅವಳಿಗೆ ಅವಳ ಸರ್ಕಾರದ ಸ್ಕಾಲರ್‌ಶಿಪ್ ಬರಬೇಕಿತ್ತು. ತಿಂಗಳ ಕೊನೆಯೊಳಗೆ ಇಲ್ಲಿನ ಖಾತೆ ನಂಬರ್ ಕಳಿಸದಿದ್ದರೆ ಆ ಸ್ಕಾಲರ್‌ಶಿಪ್ ಹೋದಂತೆಯೇ. ಅದು ಹೋದರೆ ಅವಳೂ ಪೆಟ್ಟಿಗೆ ಕಟ್ಟಬೇಕಿತ್ತು.

೧. ಶುಕ್ರವಾರದ ಸಹಿ

ಮೊದಲ ದಿನ ಹುಡುಗಿಯ ಜೊತೆ ಮನೆ ಓನರಮ್ಮನೂ ಬಂದರು. ದಾವಣಗೆರೆಯದೇ ಆನೆಕೊಂಡದವರು, ಮಹಡಿ ಮೇಲಿನ ರೂಮನ್ನು ಅವಳಿಗೆ ಬಾಡಿಗೆಗೆ ಕೊಟ್ಟಿದ್ದರು. ಹುಡುಗಿ ಫಾರಂ ತುಂಬಿ ಸಹಿ ಹಾಕಲು ಪೆನ್ನು ಊರುವಷ್ಟರಲ್ಲಿ ಓನರಮ್ಮ ಅವಳ ಕೈ ಹಿಡಿದುಕೊಂಡರು.

"ಈಗ ಬ್ಯಾಡ. ಇವತ್ತು ಶುಕ್ರವಾರ, ಹನ್ನೆರಡರ ತನಕ ರಾಹುಕಾಲ ಐತೆ. ಹೊಸ ಖಾತೆನ ಕೆಟ್ಟ ಟೈಮಲ್ಲಿ ಯಾಕ ಶುರು ಮಾಡ್ಬೇಕು?"

"ಅಮ್ಮಾ, ಹಿಂದೆ ಜನ ನಿಂತಿದಾರೆ" ಅಂದೆ.

"ನಿಂತಿರ್ಲಿ ಬಿಡ್ರಿ, ಅವರಿಗೂ ಒಳ್ಳೇದೇ ಆಗ್ತೈತೆ."

ಹಿಂದಿದ್ದವರಲ್ಲಿ ಇಬ್ಬರು ಗಡಿಯಾರ ನೋಡಿಕೊಂಡು ಸುಮ್ಮನೆ ಹೋಗಿ ಬೆಂಚಿನ ಮೇಲೆ ಕೂತರು. ಹನ್ನೆರಡಾಯಿತು, ಹುಡುಗಿ ಸಹಿ ಹಾಕಿದಳು, ನಾನು ಕಂಪ್ಯೂಟರ್ ಕಡೆ ತಿರುಗಿದೆ. ಸರ್ವರ್ ಮಲಗಿತ್ತು. ಮೂರು ಗಂಟೆಯಾದರೂ ಏಳಲಿಲ್ಲ. ಹುಡುಗಿ ಆನೆಕೊಂಡದ ಓಣಿಯಲ್ಲೇ ಕಲಿತ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು:

"ಮೇಡಂ, ಸರ್ವರ್‌ಗೆ ರಾಹುಕಾಲ ಬ್ಯಾರೆ ಟೈಮಿಗೆ ಐತಾ?"

೨. ಸಾವಿರ ಮನೆಯ ಸಾಕ್ಷಿ

ಸಹಿಯಾದ ಮೇಲೆ ವಿಳಾಸದ ಪುರಾವೆ ಬೇಕು. ಬಾಂಡ್ ಪೇಪರ್ ಮೇಲೆ ಬಾಡಿಗೆ ಕರಾರು ಮಾಡಿಸಿಕೊಂಡು ಬನ್ನಿ ಅಂದೆ. ಓನರಮ್ಮನ ಮುಖ ಸಣ್ಣಗಾಯಿತು.

"ಬಾಂಡ್ ಒಂದು ಬ್ಯಾಡ್ರಿ. ನಮ್ಮ ಎದುರು ಮನೆಯೋರು ಬಾಂಡ್ ಮಾಡಿಕೊಟ್ಟು, ಬಾಡಿಗೆಯೋನ್ನ ಬಿಡಿಸಾಕೆ ಕೋರ್ಟಿಗೆ ಅಲೆದೂ ಅಲೆದೂ ಸಾಕಾದ್ರು. ಈ ಹುಡುಗಿ ಚಿನ್ನದಂಥಾಕಿ, ಆದ್ರೆ ಬಾಂಡ್ ಬಾಂಡೇ."

ಬೇರೆ ಯಾವುದಾದರೂ ಕಾಗದ ತನ್ನಿ ಅಂದು ಕಳಿಸಿದೆ. ಸೋಮವಾರ ಒಂದು ಲಗ್ನಪತ್ರಿಕೆ ತಂದು ಟೇಬಲ್ ಮೇಲಿಟ್ಟರು. ಅವರ ಮಗಳ ಮದುವೆಯದ್ದು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅತ್ತೆ, ಮಾವ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲರೂ ಮುಗಿದ ಮೇಲೆ ಕೊನೆಗೆ ತಾಂಜಾನಿಯಾದ ಹುಡುಗಿಯ ಪೂರ್ತಿ ಹೆಸರು, ಅದರ ಕೆಳಗೆ ಮನೆ ವಿಳಾಸ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಂದಿದ್ದರು.

"ಇದು ನಡೆಯೋದಿಲ್ಲಮ್ಮಾ, ಸರ್ಕಾರದ ಕಾಗದ ಬೇಕು."

"ಸರ್ಕಾರದ ಕಾಗದ ಒಬ್ಬರ ಹತ್ರ ಇರ್ತೈತೆ. ಇದು ಸಾವಿರ ಮನ್ಯಾಗೆ ಐತೆ. ಯಾರನ್ನಾದ್ರೂ ಕೇಳ್ರಿ."

ನಾನು ಯಾರನ್ನೂ ಕೇಳಲಿಲ್ಲ. ಪಕ್ಕದ ಕೌಂಟರಿನ ಕ್ಯಾಶಿಯರ್ ತಾವಾಗಿಯೇ ಬಗ್ಗಿ ಪತ್ರಿಕೆ ನೋಡಿ, "ಹೌದು ಮೇಡಂ, ನಮ್ಮನೇಲೂ ಒಂದು ಐತೆ" ಅಂದರು.

೩. ಓಣಿಯ ಒಗ್ಗಟ್ಟು

ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. "ಮನೆಗೇ ಹೋಗಿ ನೋಡಿ ಬನ್ನಿ, ಹುಡುಗಿ ಅಲ್ಲೇ ಇದ್ದರೆ ಏನಾದರೂ ದಾರಿ ಹುಡುಕೋಣ" ಎಂದು ಮ್ಯಾನೇಜರ್ ನನ್ನ ಜೊತೆ ಒಬ್ಬ ಹೊಸ ಆಫೀಸರನ್ನು ಕಳಿಸಿದರು. ಆ ಆಫೀಸರ ಕಂಕುಳಲ್ಲಿ ದಪ್ಪನೆಯ ಫೈಲು.

ಓಣಿಯ ತುದಿಯ ಮಂಡಕ್ಕಿ ಅಂಗಡಿಯಲ್ಲಿ ಕೇಳಿದೆವು, ಇಲ್ಲಿ ಹೊರದೇಶದ ಹುಡುಗಿಯೊಬ್ಬಳು ಬಾಡಿಗೆಗೆ ಇದಾಳಾ ಅಂತ. ಅಂಗಡಿಯವರು ಫೈಲು ನೋಡಿ, "ನಮ್ಮ ಓಣ್ಯಾಗೆ ಬಾಡಿಗೆಯೋರೇ ಇಲ್ರಿ" ಅಂದರು. ಮುಂದಿನ ಮನೆಯಲ್ಲೂ ಅದೇ ಮಾತು. ಅದರ ಮುಂದಿನ ಮನೆಯ ಯಜಮಾನರೂ ಅದನ್ನೇ ಹೇಳಿದರು. ಅವರ ತಲೆಯ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗಾಡುತ್ತಿತ್ತು. ನಾವು ಬಾಡಿಗೆ ಮನೆಗಳನ್ನು ಹುಡುಕಿ ಕಂದಾಯ ಏರಿಸಲು ಬಂದ ಪಾಲಿಕೆಯವರು ಎಂದು ಇಡೀ ಓಣಿ ತಿಳಿದಿತ್ತಂತೆ. ಆಮೇಲೆ ಗೊತ್ತಾಯಿತು. ಓಣಿಯಲ್ಲಿ ನಿಂತಾಗ ಮಾತ್ರ ನನಗೆ ಸಿಟ್ಟೇ ಬಂತು. ಇವರ ಜಾಣತನಕ್ಕೆ ಆ ಹುಡುಗಿಯ ಓದು ನಿಲ್ಲುವುದರಲ್ಲಿತ್ತು.

ಕೊನೆಗೆ ಓನರಮ್ಮನ ಬಾಗಿಲು ತಟ್ಟಿದೆವು. ಅವರು ನನ್ನ ಮುಖ ನೋಡಿದರು, ಆಫೀಸರ ಫೈಲು ನೋಡಿದರು. ಫೈಲೇ ಗೆದ್ದಿತು.

"ನಮ್ಮನ್ಯಾಗೆ ಯಾರೂ ಬಾಡಿಗೆ ಇಲ್ರಿ."

ಅವರ ಬೆನ್ನ ಹಿಂದೆಯೇ ಹುಡುಗಿ ತಟ್ಟೆ ಹಿಡಿದು ರೊಟ್ಟಿ ತಿನ್ನುತ್ತ ನಿಂತಿದ್ದಳು.

"ಹಾಗಾದ್ರೆ ಇವರು ಯಾರು?" ಆಫೀಸರ್ ಕೇಳಿದರು.

ಓನರಮ್ಮ ತಿರುಗಿ ಸಹ ನೋಡಲಿಲ್ಲ. "ಅವಳಾ? ನಮ್ಮಕ್ಕನ ಮಗಳು."

ಹುಡುಗಿ ಬಾಯಲ್ಲಿದ್ದ ತುತ್ತು ನುಂಗಿ, "ಹೌದ್ರಿ, ಇವರು ನಮ್ಮ ಚಿಕ್ಕಮ್ಮ" ಅಂದಳು. ಆಫೀಸರ್ ಇಬ್ಬರ ಮಾತನ್ನೂ ಬರೆದುಕೊಂಡರು.

೪. ಸಂಬಂಧ

ಆ ವರದಿ ಓದಿ ಮ್ಯಾನೇಜರ್ ಹರಿದು ಬಿಸಾಡುತ್ತಾರೆ ಅಂದುಕೊಂಡಿದ್ದೆ. ಅವರು ಎರಡು ಸಲ ಓದಿದರು. ಆಮೇಲೆ ಡ್ರಾಯರ್ ಎಳೆದು ಒಂದು ಫಾರಂ ತೆಗೆದು ಕೊಟ್ಟರು. ಸಂಬಂಧಿಕರ ಮನೆಯಲ್ಲಿ ಇರುವವರಿಗೆ ಬಾಡಿಗೆ ಕರಾರು ಬೇಕಿಲ್ಲ. ನಮ್ಮ ಜೊತೆಯಲ್ಲೇ ಇದ್ದಾಳೆ ಎಂದು ಮನೆಯವರು ಬರೆದುಕೊಟ್ಟರೆ ಸಾಕು.

ತಿಂಗಳ ಕೊನೆಯ ದಿನ ಇಬ್ಬರೂ ಬಂದರು. ಓನರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇದರಾಗೆ ಬಾಡಿಗೆ ಅಂತ ಎಲ್ಲಾದ್ರೂ ಐತಾ?" ಇಲ್ಲ ಅಂದ ಕೂಡಲೇ ಸಹಿ ಹಾಕಿದರು. ಸಂಬಂಧ ಎಂಬ ಜಾಗದಲ್ಲಿ 'ಅಕ್ಕನ ಮಗಳು' ಎಂದು ತಾವೇ ದುಂಡಗೆ ಬರೆದರು.

ಮ್ಯಾನೇಜರ್ ಒಂದು ಕೈಯಲ್ಲಿ ಫಾರಂ, ಇನ್ನೊಂದು ಕೈಯಲ್ಲಿ ತಾಂಜಾನಿಯಾದ ಪಾಸ್‌ಪೋರ್ಟ್ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಹುಡುಗಿಯ ಕಣ್ಣು ಟೇಬಲ್ ಮೇಲಿನ ಸೀಲಿನ ಮೇಲೇ ಇತ್ತು. ನಿಜ ಹೇಳಬೇಕೆಂದರೆ ನನ್ನ ಕಣ್ಣೂ ಅಲ್ಲೇ ಇತ್ತು. ಅವರು ಸೀಲು ಎತ್ತಿಕೊಂಡವರು, ಒತ್ತದೆ ಓನರಮ್ಮನ ಕಡೆ ನೋಡಿದರು.

"ಅಲ್ಲಮ್ಮಾ, ನಿಮ್ಮಕ್ಕನ್ನ ಅಷ್ಟು ದೂರ ಯಾಕೆ ಕೊಟ್ರಿ?"

ಓನರಮ್ಮ ಸೆರಗು ಸರಿಮಾಡಿಕೊಂಡು ನಿಟ್ಟುಸಿರು ಬಿಟ್ಟರು.

"ಏನ್ಮಾಡೋದ್ರಿ ಸಾಹೇಬ್ರೆ, ಹುಡುಗ ಚಲೋ ಇದ್ದ."

ಮ್ಯಾನೇಜರ್ ಸೀಲು ಒತ್ತಿದರು.