ಮಡಿಕೆಯಿಲ್ಲದ ಅಸ್ತರ

ಉಗಾರ ಬುದ್ರುಕದ ತಾತ್ಯಾಸಾಹೇಬರಿಗೆ ಒಂದೇ ಕೊರಗು. ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕೂತು ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗಿದ ಮಹಾಪುರುಷನ ಕೈಗೆ ಹೆಂಡತಿ ತಾರಾಬಾಯಿ ಒಂದು ಗುಂಡುಪಿನ್ನನ್ನೂ ಕೊಡುವುದಿಲ್ಲ.

ತಾರಾಬಾಯಿಯ ಕೌದಿ ಯಂತ್ರ ಪಡಸಾಲೆಯನ್ನೇ ನುಂಗಿ ನಿಂತಿತ್ತು. ಎರಡು ಮಂಚದಷ್ಟು ದೊಡ್ಡ ಚೌಕಟ್ಟು, ಎರಡು ಬದಿಗೆ ಉರುಳೆ, ನಡುವೆ ಹಳಿಯ ಮೇಲೆ ಓಡಾಡುವ ಕೊಕ್ಕರೆ ಕುತ್ತಿಗೆಯ ಹೊಲಿಗೆ ಯಂತ್ರ. ಕೌದಿಯ ಕೆಳಬಟ್ಟೆಯನ್ನು, ಅಂದರೆ ಅಸ್ತರವನ್ನು, ಮೊದಲು ಉರುಳೆಗಳ ಪಟ್ಟಿಗೆ ಪಿನ್ನು ಚುಚ್ಚಿ ಬಿಗಿಯಬೇಕು. ಅದು ಸೊಟ್ಟಗಾದರೆ ಮೇಲೆ ಎಷ್ಟು ಚೆಂದ ಹೊಲಿದರೂ ಕೆಳಗೆ ಮಡಿಕೆ ಬೀಳುತ್ತದೆ.

ಹಿಂದಿನ ಸಲ ಬಿದ್ದಿತ್ತು. ಮಗಳು ಸ್ನೇಹಲಳ ಅತ್ತೆ, ಕಾಗವಾಡದ ಜನಾಬಾಯಿ, ಆ ಕೌದಿಯನ್ನು ಮಗುಚಿ, "ಮ್ಯಾಲೆ ಹೂವಿನ ತ್ವಾಟ, ಕೆಳಗ ನೇಗಿಲಾ ಹೊಡದ ಹೊಲ" ಎಂದಿದ್ದರು. ಈಗ ಮೊಮ್ಮಗಳಿಗೆ ಹೊಸ ಕೌದಿ. ಅದನ್ನು ಹೊಲಿಯುವುದನ್ನು ನೋಡಲು ಅವರೇ ಬರುವವರಿದ್ದರು. ಇನ್ನೊಂದು ಮಡಿಕೆ ಬಿದ್ದರೆ ತಾರಾಬಾಯಿ ಮತ್ತೆ ಕಾಗವಾಡದ ಬಸ್ಸು ಹತ್ತುವಂತಿರಲಿಲ್ಲ.

ಅಸ್ತರಕ್ಕೆ ತಾತ್ಯಾಸಾಹೇಬರ ಹಳೆಯ ಧೋತರಗಳೇ ಗತಿ. ಒಗೆದು, ಬಣ್ಣದ ಅಂಚು ಕತ್ತರಿಸಿ, ಜೋಡಿಸಿ, ಇಸ್ತ್ರಿ ಮಾಡಿದ್ದಾಗಿತ್ತು.

"ಲೇ, ಟ್ರಾಲಿಯೊಳಗ ಕಬ್ಬ ಸೊಟ್ಟ ಹೇರಿದ್ರ ಕಣ್ಣಳತಿಲೆ ಹೇಳತಿದ್ದೆ. ನಿನ್ನ ಧೋತರಾ ಏನ್ ಮಹಾ!"

"ನಂದಲ್ಲ, ನಿಮ್ಮವ! ಬೀಗರು ಬರೂ ಹೊತ್ತಾತು, ಅವಲಕ್ಕಿ ಹಚ್ಚಬೇಕು. ಅಸ್ತರಾ ನೀವಽ ಬಿಗೀರಿ ಹಂಗಾರ. ನಡೂಕ ನಡೂ ಕೂಡಿಸಿ, ಅಲ್ಲಿಂದ ಎರಡೂ ಕಡೆ ಪಿನ್ನ ಚುಚ್ಚಕೋತ ಹೋಗ್ರಿ. ಸುತ್ತೂ ನಾಕ ಬೆರಳಿನಷ್ಟ ಹೆಚ್ಚಿಗಿ ಇರ್ಲಿ. ನಿದ್ದಿ ಮಾತ್ರ ಮಾಡಬ್ಯಾಡ್ರಿ."

ನಿದ್ದೆ? ಛೆ! (ತಾತ್ಯಾಸಾಹೇಬರು ನಿದ್ದೆ ಮಾಡುವುದಿಲ್ಲ, ಕಣ್ಣು ತೆರೆದೇ ಬೇರೆ ಊರಿಗೆ ಹೋಗಿಬರುತ್ತಾರೆ.) ಇಸ್ತ್ರಿಯ ಬೆಚ್ಚನೆ ವಾಸನೆ ಮೂಗಿಗೆ ಬಡಿಯಿತು. ಬಿಳಿ ಬಟ್ಟೆ ಒಂದು ಉರುಳೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹರಿದು ಬಂತು. ಅದು ಬಟ್ಟೆಯೇ ಅಲ್ಲ, ಬೆಳಗಿನ ಮಂಜು ಹೊದ್ದ ಕೃಷ್ಣೆ. ಮೊಮ್ಮಗಳು ತೆಪ್ಪದಲ್ಲಿ ಕೂತು ನಗುತ್ತಿದ್ದಾಳೆ. ಅಜ್ಜ ಮೊಣಕಾಲುದ್ದ ನೀರಿನಲ್ಲಿ ನಿಂತು, ಪಿನ್ನೊಂದು, ಪಿನ್ನೆರಡು, ನದಿಯನ್ನೇ ದಡಕ್ಕೆ ಬಿಗಿಯುತ್ತಿದ್ದಾನೆ. ನೀರು ತಂಪಾಗಿ ಸೊಂಟಕ್ಕೆ ಸುತ್ತಿಕೊಂಡಂತಾಯಿತು. ಆಹಾ!

"ಆತೇನ್ರಿ?" ಎಂದು ತಾರಾಬಾಯಿ ಬಂದಾಗ ಅಸ್ತರ ಹಲಗೆಯಂತೆ ಬಿಗಿದಿತ್ತು. ಆಕೆಗೆ ನಂಬಿಕೆಯೇ ಬರಲಿಲ್ಲ. ಅದರ ಮೇಲೆ ಹತ್ತಿ ಹಾಸಿ, ಬಣ್ಣದ ತುಂಡುಗಳ ಮೇಲ್ಬಟ್ಟೆ ಹೊದಿಸಿ, ಎದುರು ಬದಿಗೆ ನಿಂತು ಯಂತ್ರ ಓಡಿಸಿದಳು. ಅಷ್ಟರಲ್ಲಿ ಜನಾಬಾಯಿ ಬಂದರು.

"ಬರ್ರಿ ಬೀಗರ!" ಎಂದು ಮುಂದೆ ಹೆಜ್ಜೆ ಇಡಲು ಹೋದ ತಾತ್ಯಾಸಾಹೇಬರನ್ನು ಯಾರೋ ಹಿಡಿದೆಳೆದರು. ಬಗ್ಗಿ ನೋಡಿದರು. ಉಟ್ಟ ಧೋತರದ ಮುಂಗಚ್ಚೆ ಅಸ್ತರದ ಜೊತೆಗೇ ಪಿನ್ನು ಚುಚ್ಚಿಸಿಕೊಂಡು, ಆಗಲೇ ಎರಡು ಸಾಲು ಹೊಲಿಗೆಯನ್ನೂ ತಿಂದಿತ್ತು!

"ಈ ಕಡೆ ಬರ್ರಲಾ," ಎಂದಳು ತಾರಾಬಾಯಿ.

"ಇಲ್ಲೇ ಇರತೀನಿ. ಅಸ್ತರದ ಮ್ಯಾಲೆ ಒಂದ ಕಣ್ಣ ಇರಬೇಕಲಾ."

ಸಾಲು ಮುಗಿದಂತೆಲ್ಲ ತಾರಾಬಾಯಿ ಹಿಡಿಕೆ ತಿರುಗಿಸಿದಳು. ಉರುಳೆ ಸುತ್ತಿತು. ತಾತ್ಯಾಸಾಹೇಬರು ಇಂಚಿಂಚಾಗಿ ಚೌಕಟ್ಟಿಗೆ ಅಂಟಿ, ಕೊನೆಗೆ ಯಂತ್ರವನ್ನು ಅಪ್ಪಿಕೊಂಡು ಮುಗುಳ್ನಗುತ್ತ ನಿಂತರು. ಜನಾಬಾಯಿ ಚಸ್ಮಾ ಏರಿಸಿ ಕೆಳಗೆ ಬಗ್ಗಿದರು.

"ಒಂದ ಮಡಿಕಿ ಇಲ್ರೀ ಅಕ್ಕಾರ! ಖರೇ ಹೇಳತೀನಿ, ಕನ್ನಡಿ ಆಗೇತಿ. ಆದ್ರ ಈ ಹಸರ ಅಂಚ... ಇದು ತೊಟ್ಟಲ ಕಾರ್ಯಕ್ಕ ನಾವು ಆಹೇರಿ ಅಂತ ಉಡಗೊರಿ ಕೊಟ್ಟ ಧೋತರಾ ಅಲ್ಲೇನ್ರಿ?"

ಇಬ್ಬರು ಹೆಂಗಸರ ಕಣ್ಣೂ ಅಂಚಿನ ಬೆನ್ನು ಹತ್ತಿ ಮೇಲೇರಿ ತಾತ್ಯಾಸಾಹೇಬರ ಸೊಂಟಕ್ಕೆ ಬಂದು ನಿಂತವು.

"ಹೊಲಿಗಿ ಬಿಚ್ಚ ಲಗೂ!" ಎಂದರು ತಾತ್ಯಾಸಾಹೇಬರು ಕ್ಷೀಣವಾಗಿ.

"ಮಡಿಕಿ ಇಲ್ಲದ ಅಸ್ತರ ಬಿಚ್ಚಲಾ? ಏನ ಮಾತಂತ ಆಡತೀರಿ! ಅಳ್ಳಾಡಬ್ಯಾಡ್ರಿ." ತಾರಾಬಾಯಿಯ ಕತ್ತರಿ ಕಚಕ್ ಎಂದಿತು. ಕೌದಿ ಉಳಿಯಿತು, ಧೋತರ ಮೊಣಕಾಲಿಗೆ ಬಂತು.

ಜನಾಬಾಯಿ ಮುಖ ತಿರುಗಿಸಿ, ಸೆರಗು ಬಾಯಿಗೊತ್ತಿಕೊಂಡು ಅಂದರು: "ಹರದದ್ದನ್ನ ಕೌದಿಗಿ ಹಾಕೂದ ನೋಡಿದ್ದೆ. ಮೊಮ್ಮಗಳ ಸಲುವಾಗಿ ಉಟ್ಟದ್ದನ್ನ ಹಾಕಿದ ಅಜ್ಜನ್ನ ಇವತ್ತ ನೋಡಿದೆ!"

ಆ ಮಾತು ಕಾಗವಾಡದ ತುಂಬ ಹಬ್ಬಿತು. ವಾರ ಕಳೆಯುವಷ್ಟರಲ್ಲಿ ತಾರಾಬಾಯಿ ಇಸ್ತ್ರಿ ಮಾಡಿದ ಹೊಸ ಅಸ್ತರ ಹೆಗಲ ಮೇಲೆ ಹಾಕಿಕೊಂಡು ಗಂಡನ ಎದುರು ನಿಂತಳು. ತಾತ್ಯಾಸಾಹೇಬರು ಜಾಣರಾಗಿ ಮಗನ ಹಳೆಯ ಪ್ಯಾಂಟು ಹಾಕಿಕೊಂಡು ಕೂತಿದ್ದರು.

"ಏಳ್ರಿ, ಕಾಗವಾಡದವ್ರು ಮತ್ತ ಮೂರ ಕೌದಿ ಹೇಳ್ಯಾರ," ಎಂದಳು ಆಕೆ. "ಹಂಗಽ ಬಿಗಿ ಆಗಬೇಕಂತ. ಹೋಗಿ ಧೋತರಾ ಉಟ್ಕೊಂಡ ಬರ್ರಿ."