ಸಾಗರದಲ್ಲಿ ಭರ್ಜರಿ ಆಟ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಹೊಸನಗರದ ಕಚೇರಿಯೊಂದರಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತೆ. ಪತ್ರಗಳ ಹೊರತು ಬೇರೇನನ್ನೂ ಬರೆದವಳಲ್ಲ. ಒತ್ತಕ್ಷರಗಳಲ್ಲಿ ಎಡವುತ್ತೇನೆ, ಕೈಬರಹವೂ ದುಂಡಗಿಲ್ಲ. ಮನ್ನಿಸಬೇಕು.

ವಿಷಯ: ನನ್ನ ಸೋದರಮಾವ.

ಸದರಿ ಮಾವ ಸಾಗರದ ಒಂದು ಮಹಡಿಕೋಣೆಯಲ್ಲಿ, ಗೇಮ್ ಆಡುವವರಿಗೆಂದೇ ಬಲು ವೇಗದ ಕಂಪ್ಯೂಟರುಗಳನ್ನು ಬಿಡಿಭಾಗ ತರಿಸಿ, ಕೈಯಾರೆ ಜೋಡಿಸಿ ಮಾರುತ್ತಾರೆ. ಮಾರುತ್ತಾರೆ ಎಂದದ್ದು ತಪ್ಪು, ಕನ್ಯಾದಾನ ಮಾಡುತ್ತಾರೆ! ತೀರ್ಥಹಳ್ಳಿಯಿಂದ ಬಂದ ಗಿರಾಕಿಯೊಬ್ಬರನ್ನು ಅವರು ವಿಚಾರಿಸಿದ ಬಗೆಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

"ಮನೇಲಿ ಅರ್ತಿಂಗ್ ಸರಿ ಇದ್ಯಾ?"

"ಇದೆ."

"ಗುಡುಗು ಬಂದ್ರೆ ಪ್ಲಗ್ ತೆಗೆಯೋರು ಯಾರು?"

"ನಾನೇ."

"ಹಲ್ಲಿ ಕಾಟ ಉಂಟಾ?"

"ಎಂತಾ ಮಾರಾಯ್ರೆ, ನಾ ಕೇಳಿದ್ದು ಕಂಪ್ಯೂಟರು, ನಿಮ್ ಮಗಳನ್ನಲ್ಲ!"

ಮಾವನಿಗೆ ಮಗಳಿಲ್ಲ. ಮದುವೆಯೇ ಆಗಿಲ್ಲ. ಯಂತ್ರವನ್ನು ಕೈಗೊಪ್ಪಿಸುವ ಮುನ್ನ ಅವರದು ಒಂದೇ ಕೋರಿಕೆ: "ನನ್ ಜೊತೆ ಒಂದ್ ಗೇಮ್ ಆಡಿ ಹೋಗಿ." ಗಿರಾಕಿಗಳಿಗೆ ಯಾವಾಗಲೂ ಬಸ್ಸಿನ ಹೊತ್ತಾಗಿರುತ್ತದೆ. ಆದ್ದರಿಂದ ಯಂತ್ರವನ್ನು ಪರೀಕ್ಷಿಸುವಾಗ ಇಬ್ಬರಾಡುವ ಗೇಮನ್ನು ಮಾವ ಒಬ್ಬರೇ ಆಡುತ್ತಾರೆ. ಮೇಜಿನ ಮೇಲೆ ಎರಡು ಕಂಟ್ರೋಲರ್, ಎಡಗೈಗೊಂದು, ಬಲಗೈಗೊಂದು. ಎಡಗೈ ಸೋತರೆ ಅದಕ್ಕೆ ಸಮಾಧಾನವನ್ನೂ ಹೇಳುತ್ತಾರೆ!

ಹೆಚ್ಚು ಜನ ಬರಲೆಂದು ಕರಪತ್ರ ಹಂಚುವುದೆಂದಾಯಿತು. ಬರೆದುಕೊಡುವ ಜವಾಬ್ದಾರಿ ನನ್ನದು. ಕಚೇರಿಯ ಅಭ್ಯಾಸಬಲದಿಂದ 'ಗೇಮಿಂಗ್' ಎಂಬುದನ್ನು ಕನ್ನಡಿಸಿ 'ಆಟ' ಎಂದೆ. "ಸಾಗರದಲ್ಲಿ ಭರ್ಜರಿ ಆಟ! ಕಣ್ಣು ಕೋರೈಸುವ ಬೆಳಕು! ಎದೆ ನಡುಗಿಸುವ ಸದ್ದು!" ಕಂಪ್ಯೂಟರ್ ಎಂಬ ಪದ ಜಾಗ ಸಾಲದೆ ಅಡಿಯಲ್ಲಿ ಸಣ್ಣಕ್ಷರವಾಯಿತು. ನಮ್ಮ ಸೀಮೆಯಲ್ಲಿ ಆಟವೆಂದರೆ ಯಕ್ಷಗಾನ ಎಂಬುದು, ಇಲ್ಲೇ ಹುಟ್ಟಿ ಬೆಳೆದ ನನಗೇಕೆ ಹೊಳೆಯಲಿಲ್ಲ?

ಮೊದಲ ಕರೆ ಹುಂಚದಿಂದ. ಯಾರೋ ಹಿರಿಯರು.

"ಇವತ್ ಪ್ರಸಂಗ ಯಾವ್ದು?"

"ನಿಮ್ಗೆ ಬೇಕಾದ್ದು. ಕಾರ್ ಓಡ್ಸೋದಿದೆ, ಯುದ್ಧ ಇದೆ," ಎಂದರು ಮಾವ.

"ಯುದ್ಧನೇ ಆಗ್ಲಿ. ಭಾಗವತ್ರು ಯಾರು?"

"ಭಾಗವತ್ರು ಎಂತಕ್ಕೆ? ದೊಡ್ಡ ಸ್ಪೀಕರ್ ಇದೆ!"

"ಹಾಡೋರಿಲ್ದೆ ಕುಣಿಯೋದ್ ಹ್ಯಾಂಗೋ, ಮಾರಾಯ?"

ಇಂಥ ಕರೆಗಳು ಹೆಚ್ಚಿದ್ದರಿಂದ ನಾನು ನಾಚಿ, ತಪ್ಪನ್ನು ಸರಿಪಡಿಸಿದ ಹೊಸ ಕರಡಿನೊಂದಿಗೆ ಭಾನುವಾರ ಸಾಗರಕ್ಕೆ ಖುದ್ದು ಹಾಜರಾದೆ. ಮಾವ ಅದನ್ನು ಓದಿ ಹಿಂತಿರುಗಿಸಿದರು.

"ಇದು ಬ್ಯಾಡ. ಹಳೇದೇ ಇರ್ಲಿ."

"ಗಿರಾಕಿಗಳು ಬರೋದ್ ಬ್ಯಾಡ್ವಾ ಮಾವ?"

"ಗಿರಾಕಿ ಡಬ್ಬ ತಗಂಡ್ ಹೋಗ್ತಾನೆ. ಇವ್ರು ಹಂಗಲ್ಲ ಮಾರಾಯ್ತಿ. ಯಕ್ಷಗಾನ ಅಲ್ಲ ಅಂತ ಗೊತ್ತಾದ್ರೂ, ಊಟ ಆಯ್ತಾ ಅಂತ ಕೇಳಿಯೇ ಫೋನ್ ಇಡೋದು. ಹುಂಚದೋರು ಮೊನ್ನೆನೂ ಮಾಡಿದ್ರು. ಸುಮ್ನೆ."

ಬಸ್ಸಿನ ನೆಪ ಹೇಳಿ ಎಷ್ಟೋ ಸಲ ಎದ್ದು ಹೋದವರಲ್ಲಿ ನಾನೂ ಒಬ್ಬಳೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಕರಡನ್ನು ಮಡಚಿ ಚೀಲಕ್ಕೆ ಸೇರಿಸಿ, ಕುರ್ಚಿ ಎಳೆದುಕೊಂಡೆ.

"ನಂಗ್ಯಾವ್ದು, ಎಡಗೈದಾ, ಬಲಗೈದಾ?"

ಮಾವ ಎಡಗೈಯ ಕಂಟ್ರೋಲರನ್ನು ಅಂಗಿಯ ಅಂಚಿನಿಂದ ಎರಡೆರಡು ಸಲ ಒರೆಸಿ ಕೊಟ್ಟರು. ಐದು ಸಲ ಸೋತೆ. ಐದು ಸಲವೂ ಅವರು ನನ್ನ ಕೈಗೆ ಸಮಾಧಾನ ಹೇಳಿದರು. ಕೆಳಗೆ ಹೊಸನಗರದ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಇಬ್ಬರಿಗೂ ಕೇಳಿಸಿತು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ಓದುಗರು ದಯಮಾಡಿ ತಿದ್ದಬೇಕಾಗಿ ಕೋರಿಕೆ. ಪತ್ರ ಬರೆಯುವುದು ಬೇಡ. ಕರಪತ್ರದಲ್ಲಿರುವ ನಂಬರಿಗೆ ಕರೆ ಮಾಡಿ, ಮಾವನಿಗೇ ನಿಧಾನವಾಗಿ, ಒಂದೊಂದಾಗಿ ಹೇಳಿದರೆ ಸಾಕು.