ಕೋಳಿ, ಮೀನು, ಕುರಿ ಮತ್ತು ನನ್ನ ಹಟ

ಧಾರವಾಡದಲ್ಲಿ ಸಂಶೋಧನೆಗೆ ಕೂತವರಿಗೆ ನಗೆಪಾಟಲು ತಪ್ಪಿದ್ದಲ್ಲ. ನನ್ನ ವಿಷಯವಂತೂ ಅದನ್ನು ಕೈಹಿಡಿದು ಕರೆತರುವಂಥದ್ದು. ಕೋಳಿ, ಮೀನು, ಕುರಿ, ಯಾವುದರ ಯಾವ ಸ್ನಾಯುವಿನಲ್ಲಿ ಯಾವ ಪ್ರೋಟೀನು ಎಂದು ಹೋಲಿಸಿ ನೋಡುವುದು. ಹುಟ್ಟಿದ್ದು ಮಾತ್ರ ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ. "ಹಿಡಿದದ್ದು ಬಿಡಾಕಿ ಅಲ್ಲ ನಾನು" ಎಂದು ಅಪ್ಪನಿಗೆ ಹೇಳಿಯೇ ಸೇರಿದ್ದೆ.

೧. ಮೊದಲ ಖರೀದಿ

ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಹುಬ್ಬಳ್ಳಿಯ ಬೆಂಗೇರಿಯ ಕೋಳಿ ಅಂಗಡಿಗೆ ಹೋದೆ.

"ಎದಿ ಒಂದ್ ಚೂರು, ತೊಡಿ ಒಂದ್ ಚೂರು ಕೊಡ್ರಿ. ಒಂದಕ್ಕೊಂದು ತಾಗಬಾರದು."

"ಇಷ್ಟ ಸಾಕೇನ್ರಿ? ಮನ್ಯಾಗ ಎಷ್ಟು ಮಂದಿ?"

"ತಿನ್ನಾಕಲ್ರಿ. ಎದಿಗೂ ತೊಡಿಗೂ ಏನ್ ಫರಕ್ ಐತಿ ಅಂತ ನೋಡಾಕ."

ಅಂಗಡಿಯವ ಕತ್ತಿ ಕೆಳಗಿಟ್ಟು ಕನಿಕರದಿಂದ ಹೇಳಿದ: "ಅಕ್ಕಾರ, ಒಮ್ಮೆ ತಿಂದು ನೋಡ್ರಿ. ತಾನಾ ತಿಳೀತೈತಿ."

೨. ದಡಿ

ಸ್ನಾಯು ಅರೆದು ತೆಗೆದ ರಸವನ್ನು ಜೆಲ್ಲಿಯಂಥ ಹಾಳೆಗೆ ಹಾಕಿ, ಕರೆಂಟು ಹರಿಸಿ, ಬಣ್ಣ ಕೊಟ್ಟರೆ ಪ್ರೋಟೀನುಗಳು ನೀಲಿ ಗೆರೆಗಳಾಗಿ ಕಾಣಬೇಕು. ನನಗೆ ಎಷ್ಟೋ ವಾರ ಬರೀ ಕಲೆ ಬಂತು. ಗೈಡು "ವಿಷಯ ಬದಲಿ ಮಾಡ್ರಿ" ಎಂದರು. "ಇನ್ನೊಮ್ಮೆ ಮಾಡ್ತೇನ್ರಿ ಸರ್" ಎಂದೆ. ಕೆಟ್ಟಿತು. ಮತ್ತೆ ಮಾಡಿದೆ, ಮತ್ತೆ ಕೆಟ್ಟಿತು. ಕೊನೆಗೊಂದು ದಿನ ಮೀನಿನ ಗೆರೆಗಳು ಎಂಥ ಚಂದ ಮೂಡಿದವು! ಸಂಭ್ರಮ ತಡೆಯದೆ ಫೋಟೋ ಅಜ್ಜಿಗೆ ತೋರಿಸಿದೆ.

ಅಜ್ಜಿ ಕನ್ನಡಕ ಏರಿಸಿ, "ಈ ಸೀರಿ ದಡಿ ಭಾಳ ಛಲೋ ಐತಿ. ಶ್ರಾವಣಕ್ಕ ನನಗೂ ಇಂಥಾದ್ದ ಒಂದು ತಾ" ಅಂದಳು.

ಆ ದಡಿ ಮೀನಿನದು ಎಂದು ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

೩. ದಾರಿ ಬಿಡ್ರಿ

ಹೃದಯವೂ ಒಂದು ಸ್ನಾಯುವೇ. ಕುರಿಯದು ಬೇಕಿತ್ತು, ತಾಜಾ ಬೇಕಿತ್ತು, ತಡವಾದರೆ ಕೆಡುತ್ತದೆ. ಹುಬ್ಬಳ್ಳಿಯಲ್ಲಿ ಕೊಂಡು, ಐಸ್ ಡಬ್ಬಿಯಲ್ಲಿಟ್ಟು, ಟ್ಯಾಕ್ಸಿ ಹತ್ತಿದೆ. ನವನಗರದ ಹತ್ತಿರ ಗಾಡಿಗಳು ಒತ್ತಾಗಿ ನಿಂತಿದ್ದವು. ಅಷ್ಟರಲ್ಲಿ ಗೈಡಿನ ಫೋನು.

"ಹೃದಯ ಸಿಕ್ಕೈತ್ರಿ ಸರ್. ಐಸಿನಾಗ ಐತಿ. ಲಗೂ ಮುಟ್ಟಲಿಲ್ಲಂದ್ರ ಉಪಯೋಗಿಲ್ಲ."

ಡ್ರೈವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದ. ಮರುಗಳಿಗೆಯೇ ಹಾರ್ನ್ ಒತ್ತಿ, ತಲೆ ಹೊರಗೆ ಹಾಕಿ ಕೂಗತೊಡಗಿದ: "ಸರೀರಿ! ಹೃದಯ ಒಯ್ಯಾಕತ್ತೇವಿ! ಜೀವದ ಪ್ರಶ್ನಿ ಐತಿ!"

ಲಾರಿಗಳು ಸರಿದವು. ಪೊಲೀಸರೊಬ್ಬರು ಸೆಲ್ಯೂಟ್ ಹೊಡೆದು ದಾರಿ ಮಾಡಿಕೊಟ್ಟರು. ನಿಜ ಹೇಳಲು ಬಾಯಿ ತೆರೆದೆ. ಐಸ್ ಕರಗುತ್ತಿದ್ದುದು ಕಂಡು ಮುಚ್ಚಿಕೊಂಡೆ.

ಪ್ರಯೋಗಾಲಯದ ಬಾಗಿಲಿಗೆ ಡಬ್ಬಿಯನ್ನು ಡ್ರೈವರು ತಾನೇ ಎರಡೂ ಕೈಯಲ್ಲಿ ಹೊತ್ತು ತಂದ. ಕಣ್ಣು ಒದ್ದೆಯಾಗಿತ್ತು.

"ಪೇಶಂಟ್ ಯಾರ್ರಿ ಅಕ್ಕಾರ?"

ಇನ್ನು ಮುಚ್ಚಿಡಲಾಗಲಿಲ್ಲ. "ಕುರಿ ರೀ."

ಅವನು ಅಷ್ಟೇ ಕಳಕಳಿಯಿಂದ ಕೇಳಿದ:

"ಉಳೀತೈತಲ್ರಿ?"